ಟೊಮೆಟೊಗೆ ಸರಿಹೋಗುವ ಲೆಕ್ಕ ನೀರಿಗೆ ಯಾಕೆ ತಪ್ಪುತ್ತೆ? ಬೋರ್‌ವೆಲ್ ಕಲಿಸಿದ ಮಾರುಕಟ್ಟೆ ಪಾಠ

2024ರ ಮಾರ್ಚ್ ಮೊದಲ ವಾರ. ಬೆಂಗಳೂರಿನ ಪೂರ್ವದ ಅಂಚಿನಲ್ಲಿ ನಾನಿರುವ ಬಾಡಿಗೆ ಮನೆಯ ಬೋರ್‌ವೆಲ್ ನಿಂತು ಹತ್ತು ದಿನ ಆಗಿತ್ತು. ಓನರ್ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕಿದರು: 12,000 ಲೀಟರ್ ಟ್ಯಾಂಕರಿಗೆ ಈಗ 2,000 ರೂಪಾಯಿ, ಎಲ್ಲರೂ ಪಾಲು ಹಾಕಿ. ಜನವರಿಯಲ್ಲಿ ಅದೇ ಟ್ಯಾಂಕರಿಗೆ 1,200 ಕೊಟ್ಟಿದ್ದೆವು.

ಅದೇ ವಾರ ಕೋಲಾರದ ಹತ್ತಿರದ ನಮ್ಮೂರಿಂದ ಅಪ್ಪ ಫೋನ್ ಮಾಡಿದ್ದರು. "ಮೂರನೇ ಬೋರೂ ಹೋಯ್ತು ಕಣಮ್ಮಾ. ಸಾವಿರದ ಇನ್ನೂರು ಅಡಿ ಕೊರೆಸಿದ್ರೂ ಬರೀ ಧೂಳು" ಅಂದರು. ಪಕ್ಕದ ತೋಟದವರು ಹಿಂದಿನ ವರ್ಷ ನಮ್ಮದಕ್ಕಿಂತ ಆಳ ಕೊರೆಸಿದ್ದರು. ಅದಾದ ಮೇಲೆ ನಮ್ಮದು ಬತ್ತಿತು ಅನ್ನೋದು ಅಪ್ಪನ ಅನುಮಾನ. ಆದರೆ ಅವರ ಮೇಲೆ ಕೋಪ ಇರಲಿಲ್ಲ. "ಅವ್ರೇನ್ ಮಾಡ್ತಾರೆ, ಅವ್ರಿಗೂ ಬೆಳೆ ಉಳೀಬೇಕಲ್ಲ" ಅಂದರು.

ಆಫೀಸಿನ ಊಟದ ಟೇಬಲ್ಲಿನಲ್ಲಿ ಟ್ಯಾಂಕರ್ ರೇಟಿನ ಮಾತು ಬಂದಾಗ ನನ್ನ ಸಹೋದ್ಯೋಗಿಯೊಬ್ಬ ಹೇಳಿದ: "ಡಿಮ್ಯಾಂಡ್ ಜಾಸ್ತಿ, ಸಪ್ಲೈ ಕಮ್ಮಿ, ರೇಟ್ ಏರುತ್ತೆ. ಸಿಂಪಲ್. ಸರ್ಕಾರ ಮಧ್ಯೆ ಮೂಗು ತೂರಿಸದಿದ್ರೆ ಎಲ್ಲಾ ತಾನಾಗೇ ಸರಿಹೋಗುತ್ತೆ." ಅವನ ಮಾತು ತಪ್ಪು ಅಂತ ಅನ್ನಿಸಿತು, ಯಾಕೆ ತಪ್ಪು ಅಂತ ಹೇಳೋಕೆ ಬರಲಿಲ್ಲ. ಆಮೇಲೆ ಓದಿದೆ, ಊರಿಗೆ ಹೋಗಿ ಕೇಳಿದೆ, ಲೆಕ್ಕ ಹಾಕಿದೆ. ಅವತ್ತು ಕೊಡಲಾಗದ ಉತ್ತರ ಈ ಬರಹ.

ಮೊದಲು ಅವನ ಮಾತಿನಲ್ಲಿರುವ ಸತ್ಯ

ಮಾರುಕಟ್ಟೆಯನ್ನು ಬೈಯುವ ಮೊದಲು ಅದು ಚೆನ್ನಾಗಿ ಮಾಡುವ ಕೆಲಸವನ್ನು ಒಪ್ಪಿಕೊಳ್ಳಬೇಕು. ನಮ್ಮ ಜಿಲ್ಲೆಯದೇ ಉದಾಹರಣೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಟೊಮೆಟೊ ನಾಟಿ ಮಾಡಿ ಅಂತ ಯಾವ ಮಂತ್ರಿಯೂ ರೈತರಿಗೆ ಆದೇಶ ಕೊಡಲಿಲ್ಲ. ರೇಟ್ ನೋಡಿಯೇ ಜನ ನಾಟಿ ಮಾಡಿದರು, ಬೇರೆ ಕಡೆಯಿಂದಲೂ ಮಾಲು ಬಂತು, ಕೆಲವೇ ವಾರಗಳಲ್ಲಿ ಬೆಲೆ ಬಿತ್ತು. ಬಿದ್ದಾಗ ರೈತನಿಗಾದ ನಷ್ಟ ಬೇರೆಯದೇ ಕಥೆ. ಆದರೆ ಬೆಲೆ ಅನ್ನೋದು ಒಂದು ಸುದ್ದಿಯ ಹಾಗೆ ಓಡಾಡಿ ಲಕ್ಷಾಂತರ ಜನರ ನಿರ್ಧಾರ ಬದಲಿಸಿತು ಅನ್ನೋದು ನಿಜ. ಇಷ್ಟನ್ನು ಇಷ್ಟು ಬೇಗ ಮಾಡಬಲ್ಲ ಸರ್ಕಾರಿ ಇಲಾಖೆ ಇಲ್ಲ.

ಇದು ಕೆಲಸ ಮಾಡಲು ಕೆಲವು ಷರತ್ತುಗಳಿವೆ. ಬೆಲೆ ಏರಿದರೆ ಸರಕು ಹೆಚ್ಚು ತಯಾರಾಗಬೇಕು. ತಯಾರಿಸುವವನ ಖರ್ಚೆಲ್ಲ ಅವನ ಲೆಕ್ಕದಲ್ಲೇ ಬರಬೇಕು, ಊರಿನ ಮೇಲೆ ಬೀಳಬಾರದು. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿರಬೇಕು. ಮಾರುವವರು ಒಬ್ಬರಿಗಿಂತ ಹೆಚ್ಚಿರಬೇಕು. ಈ ಷರತ್ತುಗಳು ಮುರಿದಾಗ ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಬುದ್ಧಿವಂತಿಕೆಯಿಂದ ನಡೆದುಕೊಂಡರೂ ಒಟ್ಟಾರೆ ಫಲ ಕೆಟ್ಟದ್ದೇ ಆಗುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ 'ಮಾರುಕಟ್ಟೆ ವೈಫಲ್ಯ' ಅಂತಾರೆ. ಯಾರೋ ಮೋಸ ಮಾಡಿದ್ದರಿಂದಲೇ ಇದು ಆಗಬೇಕೆಂದಿಲ್ಲ. ಅಪ್ಪನ ಪಕ್ಕದ ತೋಟದವರು ಯಾರಿಗೂ ಮೋಸ ಮಾಡಿರಲಿಲ್ಲ.

ಒಂದೇ ಮಡಕೆ, ನೂರು ಸ್ಟ್ರಾ

ನಮ್ಮ ಕಡೆ ನೆಲದಡಿ ಇರೋದು ಗಟ್ಟಿ ಬಂಡೆ. ನೀರು ಆ ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಬಿರುಕುಗಳಿಗೆ ಸರ್ವೆ ನಂಬರ್ ಗೊತ್ತಿಲ್ಲ. ಒಂದು ತೋಟದಡಿ ಶುರುವಾದ ಬಿರುಕು ಇನ್ನೊಂದರ ಕೆಳಗೆ ಹಾದು ಮೂರನೆಯದಕ್ಕೆ ಹೋಗುತ್ತದೆ.

ಕಾನೂನು ಮಾತ್ರ ಬೇರೆ ಥರ ಯೋಚಿಸಿತು. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ನಡೆದು ಬಂದ ತಿಳಿವಳಿಕೆ ಏನೆಂದರೆ, ಜಮೀನು ಯಾರದೋ ಅದರ ಕೆಳಗಿನ ನೀರೆತ್ತುವ ಹಕ್ಕೂ ಅವರದೇ. ಜಮೀನಿದ್ದವನಿಗೆ ನೀರು, ಜಮೀನಿಲ್ಲದ ಕೂಲಿಕಾರನಿಗೆ ಏನೂ ಇಲ್ಲ. ಜಮೀನಿದ್ದವರ ನಡುವೆಯೂ ಆಳಕ್ಕೆ ಕೊರೆಸುವ ದುಡ್ಡಿದ್ದವನದೇ ನೀರು.

ಈಗ ಅಪ್ಪನ ಜಾಗದಲ್ಲಿ ನಿಂತು ಯೋಚಿಸಿ. ಇವತ್ತು ಪಂಪ್ ಎರಡು ಗಂಟೆ ಕಮ್ಮಿ ಓಡಿಸಿದರೆ ಆ ನೀರು ಉಳಿಯುತ್ತಾ? ಇಲ್ಲ, ಪಕ್ಕದವರು ಎತ್ತುತ್ತಾರೆ. ಹಾಗಿದ್ದ ಮೇಲೆ ಉಳಿಸೋದು ಯಾಕೆ? ಪಕ್ಕದವರೂ ಇದನ್ನೇ ಯೋಚಿಸುತ್ತಾರೆ, ಅವರ ಪಕ್ಕದವರೂ ಇದನ್ನೇ. ಎಲ್ಲರೂ ಬೇಗ ಬೇಗ ಎತ್ತುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿ ಕೋಲಾರದ ತಾಲೂಕುಗಳನ್ನು 'ಅತಿಬಳಕೆ' ಪಟ್ಟಿಗೆ ಹಾಕಿರೋದು ಇದಕ್ಕೇ. ವರ್ಷಕ್ಕೆ ಮಳೆಯಿಂದ ಎಷ್ಟು ಇಂಗುತ್ತದೋ ಅದಕ್ಕಿಂತ ಹೆಚ್ಚು ನಾವು ಎತ್ತುತ್ತಿದ್ದೇವೆ ಅಂತ ಅದರ ಅರ್ಥ.

ಗ್ಯಾರೆಟ್ ಹಾರ್ಡಿನ್ ಅನ್ನುವ ಜೀವವಿಜ್ಞಾನಿ 1968ರಲ್ಲಿ ಗೋಮಾಳದ ಉದಾಹರಣೆ ಕೊಟ್ಟು ಇದನ್ನು ವಿವರಿಸಿದ. ಪ್ರತಿಯೊಬ್ಬನೂ ಇನ್ನೊಂದು ದನ ಬಿಟ್ಟರೆ ಲಾಭ ಅವನೊಬ್ಬನಿಗೆ, ಹುಲ್ಲು ಕಮ್ಮಿಯಾಗುವ ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ. ಕೊನೆಗೆ ಹುಲ್ಲೇ ಇರಲ್ಲ.

ಈಗ ನನ್ನ ಸಹೋದ್ಯೋಗಿಯ ಮಾತಿಗೆ ಬರೋಣ. ಟೊಮೆಟೊ ಬೆಲೆ ಏರಿದರೆ ಟೊಮೆಟೊ ಹೆಚ್ಚಾಗುತ್ತದೆ. ಟ್ಯಾಂಕರ್ ಬೆಲೆ ಏರಿದರೆ? ಟ್ಯಾಂಕರ್ ಹೆಚ್ಚಾಗುತ್ತದೆ, ಬೋರ್‌ವೆಲ್ ಹೆಚ್ಚಾಗುತ್ತದೆ, ಪಂಪ್ ಓಡುವ ಗಂಟೆ ಹೆಚ್ಚಾಗುತ್ತದೆ. ನೆಲದಡಿಯ ನೀರು ಒಂದು ಹನಿಯೂ ಹೆಚ್ಚಾಗಲ್ಲ. ಬೆಲೆ ಏರಿದಷ್ಟೂ ಅದು ಬೇಗ ಖಾಲಿಯಾಗುತ್ತದೆ. ಟೊಮೆಟೊ ಮಾರುಕಟ್ಟೆಯಲ್ಲಿ ಕೊರತೆಯನ್ನು ಸರಿಪಡಿಸುವ ಸಂಕೇತ ಇಲ್ಲಿ ಕೊರತೆಯನ್ನು ಹೆಚ್ಚಿಸುತ್ತದೆ.

ಬಿಲ್ಲಿನಲ್ಲಿ ಕಾಣದ ಖರ್ಚು

ನಾನು ಕೊಟ್ಟ 2,000 ರೂಪಾಯಿಯಲ್ಲಿ ಡೀಸೆಲ್ ಇತ್ತು, ಡ್ರೈವರ್ ಸಂಬಳ ಇತ್ತು, ಬೋರ್‌ವೆಲ್ ಇರುವ ಜಮೀನಿನವನ ಪಾಲಿತ್ತು. ಆ ಬೋರ್‌ವೆಲ್ಲಿನ ಅಕ್ಕಪಕ್ಕ ಬತ್ತಿಹೋದ ಕೈಪಂಪಿನ ಖರ್ಚು ಇರಲಿಲ್ಲ. ಬೆಳಗ್ಗೆ ಕೊಡ ಹಿಡಿದು ನಿಂತು ದಿನಗೂಲಿ ಕಳೆದುಕೊಂಡ ಹೆಂಗಸಿನ ನಷ್ಟ ಇರಲಿಲ್ಲ. ನಾವು ತಿನ್ನುವ ಟೊಮೆಟೊ ಬೆಲೆಯಲ್ಲೂ ಹಾಗೇ, ಅಪ್ಪನ ಬೋರ್‌ವೆಲ್ ಬತ್ತಿದ ಖರ್ಚು ಸೇರಿಲ್ಲ.

ಕೊಳ್ಳುವವನೂ ಕೊಡದೆ, ಮಾರುವವನೂ ಕೊಡದೆ ಮೂರನೆಯವರ ತಲೆಗೆ ಬೀಳುವ ಇಂಥ ಖರ್ಚಿಗೆ 'ಬಾಹ್ಯ ಪರಿಣಾಮ' ಅಂತಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಇದರ ಬಗ್ಗೆ ಬರೆದ. ಸಮಾಜಕ್ಕೆ ಆಗುವ ನಷ್ಟವನ್ನು ತೆರಿಗೆಯ ರೂಪದಲ್ಲಿ ಬೆಲೆಗೆ ಸೇರಿಸಿದರೆ ನಷ್ಟ ಮಾಡುವವನೇ ಅದನ್ನು ಲೆಕ್ಕಕ್ಕೆ ತಗೊಳ್ತಾನೆ ಅನ್ನೋದು ಅವನ ವಾದ. ಕಾರ್ಖಾನೆಯ ಹೊಗೆ, ವಾಹನದ ಮಾಲಿನ್ಯ, ಬೆಳ್ಳಂದೂರು ಕೆರೆಯ ನೊರೆ, ಎಲ್ಲವೂ ಇದೇ ಕುಟುಂಬದವು.

ಎರಡು ಪೈಪ್ ಹಾಕೋಕಾಗಲ್ಲ

ಹಾಗಾದ್ರೆ ಕಾವೇರಿ ನೀರನ್ನು ಖಾಸಗಿ ಕಂಪನಿಗಳು ಪೈಪೋಟಿಯಲ್ಲಿ ತಂದು ಮಾರಲಿ ಅಂತ ಕೇಳಬಹುದು. ಕಾವೇರಿ ನೀರು ಬರೋದು ಸುಮಾರು ನೂರು ಕಿ.ಮೀ. ದೂರದಿಂದ, ಪಂಪ್ ಮಾಡಿ ಎತ್ತರಕ್ಕೆ ಏರಿಸಿ. ಒಂದು ಪೈಪ್‌ಲೈನಿಗೇ ಸಾವಿರಾರು ಕೋಟಿ ಬೇಕು. ನಿಮ್ಮ ಬೀದಿಯಲ್ಲಿ ಮೂರು ಕಂಪನಿಗಳು ಮೂರು ಪೈಪ್ ಹಾಕಿ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಅನ್ನೋದು ನಡೆಯದ ಮಾತು. ಮೊದಲ ಪೈಪ್ ಹಾಕಿದವನಿಗೆ ಎದುರಾಳಿಯೇ ಇರಲ್ಲ. ಇದು 'ಸಹಜ ಏಕಸ್ವಾಮ್ಯ'. ಅಲ್ಲಿ ಒಂದೋ ಸರ್ಕಾರವೇ ಕೆಲಸ ಮಾಡಬೇಕು, ಇಲ್ಲಾ ಮಾಡುವವನ ಬೆಲೆ ಮತ್ತು ಗುಣಮಟ್ಟವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕು.

ಆ ಪೈಪ್ ಮನೆಗೆ ಬಂದವರಿಗೂ ಬರದವರಿಗೂ ಇರುವ ವ್ಯತ್ಯಾಸ ನೋಡಿ. 2014ರಿಂದ 2025ರ ಪರಿಷ್ಕರಣೆಯವರೆಗೆ ಬೆಂಗಳೂರು ಜಲಮಂಡಳಿಯ ಗೃಹಬಳಕೆ ದರ ಮೊದಲ ಸ್ಲ್ಯಾಬಿನಲ್ಲಿ ಸಾವಿರ ಲೀಟರಿಗೆ 7 ರೂಪಾಯಿ ಇತ್ತು, ಒಳಚರಂಡಿ ಮತ್ತಿತರ ಶುಲ್ಕ ಬೇರೆ. ನಾನು ಟ್ಯಾಂಕರಿಗೆ ಕೊಟ್ಟಿದ್ದು ಸಾವಿರ ಲೀಟರಿಗೆ ಸುಮಾರು 167 ರೂಪಾಯಿ. ಇಪ್ಪತ್ತು ಪಟ್ಟಿಗೂ ಹೆಚ್ಚು. ನಗರದ ಮಧ್ಯದ ಬಂಗಲೆಗೆ ಅಗ್ಗದ ನೀರು, ಅಂಚಿನ ಶೀಟ್ ಮನೆಗೆ ದುಬಾರಿ ನೀರು.

ಈ ನೀರು ಎಲ್ಲಿಯದು ಅಣ್ಣಾ?

ಒಂದು ದಿನ ಟ್ಯಾಂಕರ್ ಡ್ರೈವರನ್ನು ಕೇಳಿದೆ. "ಬೋರಿಂದೇ ಮೇಡಂ, ಒಳ್ಳೇ ನೀರು" ಅಂದ. ಯಾವ ಬೋರು, ಯಾವಾಗ ಪರೀಕ್ಷೆ ಮಾಡಿದ್ದು ಅಂತ ಕೇಳಿದರೆ ನಕ್ಕ. ಅವನಿಗೂ ಗೊತ್ತಿರಲಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರೋದು ಹಳೇ ಸಮಸ್ಯೆ. ಅದು ಕಣ್ಣಿಗೆ ಕಾಣಲ್ಲ, ನಾಲಿಗೆಗೂ ತಿಳಿಯಲ್ಲ.

ಮಾರುವವನಿಗೆ ಗೊತ್ತಿರೋದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಅಂತ ಜಾರ್ಜ್ ಅಕರ್ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಉದಾಹರಣೆಯಿಂದ ತೋರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳಿಯದ ಗಿರಾಕಿ ಎರಡಕ್ಕೂ ಒಂದೇ ಬೆಲೆ ಕೊಡ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರುವವನಿಗೆ ಗಿಟ್ಟಲ್ಲ, ಅವನು ಜಾಗ ಖಾಲಿ ಮಾಡ್ತಾನೆ. ಔಷಧಿ, ಆಹಾರ, ಡಾಕ್ಟರ್ ಪದವಿ, ಎಲ್ಲದಕ್ಕೂ ಲೈಸೆನ್ಸ್ ಮತ್ತು ತಪಾಸಣೆ ಇರೋದು ಇದಕ್ಕೇ.

ಸರ್ಕಾರ ಬಂತು. ಏನಾಯ್ತು?

ಆ ಬೇಸಿಗೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಇದು: ನಗರಕ್ಕೆ ದಿನಕ್ಕೆ ಬೇಕಾದ್ದು 2,600 ದಶಲಕ್ಷ ಲೀಟರ್, ಕಾವೇರಿಯಿಂದ 1,450, ಬೋರ್‌ವೆಲ್‌ಗಳಿಂದ 650, ಕೊರತೆ 500. ಸುಮಾರು ಏಳು ಸಾವಿರ ಸರ್ಕಾರಿ ಬೋರ್‌ವೆಲ್‌ಗಳು ಬತ್ತಿದ್ದವು.

ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಿತು. 5 ಕಿ.ಮೀ. ಒಳಗಾದರೆ 6,000 ಲೀಟರಿಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ. ಟ್ಯಾಂಕರ್‌ಗಳು ನೋಂದಣಿ ಮಾಡಿಸಬೇಕು ಅಂತ ಆದೇಶವಾಯಿತು. ಕಾರು ತೊಳೆಯಲು, ಗಿಡಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು.

ಪೇಪರಿನಲ್ಲಿ ದರ ನೋಡಿ ನಮ್ಮ ಓನರ್ ಟ್ಯಾಂಕರಿನವನಿಗೆ ಫೋನ್ ಮಾಡಿದರು. "ಆ ರೇಟಿಗೆ ಬರಲ್ಲ ಸಾರ್" ಅಂತ ಫೋನಿಟ್ಟ. ಮೂರು ದಿನ ನೀರಿಲ್ಲ. ನಾಲ್ಕನೇ ದಿನ ಹಳೇ ರೇಟಿಗೇ ಬಂದ, ಬಿಲ್ ಕೊಡಲಿಲ್ಲ.

ಸಹೋದ್ಯೋಗಿ ಇದನ್ನು ಕೇಳಿದರೆ "ನಾನು ಹೇಳಿಲ್ವಾ?" ಅಂತಿದ್ದ. ಅವನ ಗೆಲುವು ಅರ್ಧ ಮಾತ್ರ. ಬರೀ ಬೆಲೆ ಕಟ್ಟಿಹಾಕಿದರೆ ನೀರು ಹುಟ್ಟಲ್ಲ ಅನ್ನೋದು ನಿಜ. ದರದ ಆದೇಶ ಜ್ವರಕ್ಕೆ ಹಾಕಿದ ಒದ್ದೆ ಬಟ್ಟೆ. ಸಂಕಟದ ನಾಲ್ಕು ದಿನ ಸುಲಿಗೆ ತಡೆಯಲು ಬೇಕು, ಆದರೆ ರೋಗ ಇರೋದು ನೆಲದಡಿ. ಸರ್ಕಾರ ಮಧ್ಯಪ್ರವೇಶ ಮಾಡಬೇಕಾ ಬೇಡವಾ ಅನ್ನೋ ಪ್ರಶ್ನೆ ಇಲ್ಲಿಗೆ ಸಾಲಲ್ಲ. ಯಾವ ವೈಫಲ್ಯಕ್ಕೆ ಯಾವ ಮದ್ದು ಅಂತ ಕೇಳಬೇಕು.

ಎಲ್ಲರೂ ಒಂದೇ ಮಡಕೆಯಿಂದ ಎತ್ತುವಾಗ ಎಷ್ಟು ಎತ್ತಬಹುದು ಅಂತ ಮಿತಿ ಬೇಕು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶದಲ್ಲಿ ಬೋರ್‌ವೆಲ್ ಕೊರೆಯಲು ಅನುಮತಿ ಬೇಕು. ಬಾಹ್ಯ ಪರಿಣಾಮಕ್ಕೆ ಶುಲ್ಕ ಅಥವಾ ನಿಯಮ ಬೇಕು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಲಾಯಿತು. ಮಾಹಿತಿ ಕೊರತೆಗೆ ನೋಂದಣಿ ಮತ್ತು ನೀರಿನ ಪರೀಕ್ಷೆ. ಏಕಸ್ವಾಮ್ಯದ ಪೈಪಿಗೆ ಸಾರ್ವಜನಿಕ ಹೂಡಿಕೆ. ದುಡ್ಡಿಲ್ಲದವರಿಗೆ ಬದುಕಲು ಬೇಕಾದಷ್ಟು ನೀರು ಬೆಲೆ ನೋಡದೆ ಸಿಗಬೇಕು. ಈ ಕೊನೆಯದು ಕಟ್ಟುನಿಟ್ಟಾಗಿ ನೋಡಿದರೆ ಮಾರುಕಟ್ಟೆ ವೈಫಲ್ಯವೂ ಅಲ್ಲ. ಎಲ್ಲ ಷರತ್ತೂ ಪೂರೈಸಿದ ಮಾರುಕಟ್ಟೆ ಕೂಡ ಜೇಬಲ್ಲಿ ಕಾಸಿಲ್ಲದವನ ಬಾಯಾರಿಕೆಯನ್ನು ಬೇಡಿಕೆ ಅಂತ ಎಣಿಸಲ್ಲ. ಅದು ನ್ಯಾಯದ ಪ್ರಶ್ನೆ.

ಸರ್ಕಾರವೂ ಸೋಲುತ್ತೆ

ಇಲ್ಲಿಗೆ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ.

ಬಿಬಿಎಂಪಿ ರಚನೆಯಾಗಿ 110 ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ. ಅವುಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ಮಧ್ಯೆ ಹದಿನೇಳು ವರ್ಷ. ಅಷ್ಟೂ ವರ್ಷ ಅಪಾರ್ಟ್‌ಮೆಂಟ್‌ಗಳು ಏಳುತ್ತಲೇ ಇದ್ದವು, ಪ್ಲಾನ್ ಸ್ಯಾಂಕ್ಷನ್ ಆಗುತ್ತಲೇ ಇತ್ತು. ಟ್ಯಾಂಕರ್ ದಂಧೆ ಬೆಳೆದಿದ್ದು ಸರ್ಕಾರ ಖಾಲಿ ಬಿಟ್ಟ ಜಾಗದಲ್ಲಿ.

ಇನ್ನೊಂದು ನನ್ನ ಮನೆಯದೇ ಮಾತು. 2008ರಿಂದ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಶಾಶ್ವತ ನದಿಯಿಲ್ಲದ, ಕಾಲುವೆ ಕಾಣದ ಜಿಲ್ಲೆಯ ರೈತನಿಗೆ ಇದು ಉಸಿರು. ಈ ಕರೆಂಟಿಲ್ಲದೆ ಅಪ್ಪ ನನ್ನನ್ನು ಓದಿಸೋಕೆ ಆಗ್ತಿರಲಿಲ್ಲ. ಆದರೆ ಇನ್ನೊಂದು ಗಂಟೆ ಪಂಪ್ ಓಡಿಸಿದರೆ ಆಗುವ ಖರ್ಚು ಸೊನ್ನೆ ಅಂತಾದಾಗ, ನಿಲ್ಲಿಸಲು ಯಾವ ಕಾರಣವೂ ಉಳಿಯಲ್ಲ. ರೈತನಿಗೆ ಕೊಡಬೇಕಾದ ನೆರವು ಸರಿ, ಕೊಟ್ಟ ದಾರಿ ಮಡಕೆಯನ್ನು ಬೇಗ ಬರಿದು ಮಾಡುವಂಥದ್ದು. ಇದನ್ನು ಹೇಳಿದರೆ ರೈತ ವಿರೋಧಿ ಅಂತಾರೆ. ನಾನು ಹೇಳೋದು ಆ ಹಣ ಕಿತ್ತುಕೊಳ್ಳಿ ಅಂತಲ್ಲ. ನೀರು ಉಳಿಸಿದ ರೈತನಿಗೆ ಅದೇ ಹಣ ಸೇರುವ ದಾರಿ ಹುಡುಕಿ ಅಂತ.

2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯನ್ನೂ ನೋಡಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. ಯಾವ ಖಾಸಗಿ ಕಂಪನಿಯೂ ಇದಕ್ಕೆ ಕೈ ಹಾಕಲ್ಲ. ಇಂಗಿದ ನೀರು ಯಾರ ಬೋರಿಗೆ ಹೋಯಿತು ಅಂತ ಹೇಳಿ ಬಿಲ್ ಕಳಿಸೋಕಾಗಲ್ಲವಲ್ಲ. ನಮ್ಮ ಕೆರೆಗಳಲ್ಲಿ ಮತ್ತೆ ನೀರು ನಿಂತದ್ದು ನಾನೇ ಕಂಡಿದ್ದೇನೆ. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕೇ ಬೇಕು ಅಂತ ಜಿಲ್ಲೆಯ ಜನ ಹೋರಾಡಿದರು, ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿತು. ಅಗತ್ಯವಾದ ಕೆಲಸವನ್ನೂ ಸರ್ಕಾರ ಅರ್ಧ ಮಾಡಿ ಕೈ ತೊಳೆದುಕೊಳ್ಳಬಹುದು. ಆಗ ಪೂರ್ತಿ ಮಾಡಿಸೋದು ಜನರ ಕೆಲಸ.

ನೀರುಗಂಟಿಯ ನೆನಪು

ಮಾರುಕಟ್ಟೆ ಅಥವಾ ಸರ್ಕಾರ, ಎರಡೇ ದಾರಿ ಅಂತ ನಾನೂ ಅಂದುಕೊಂಡಿದ್ದೆ. ಎಲಿನಾರ್ ಆಸ್ಟ್ರೋಮ್ ಅನ್ನುವ ಅಮೆರಿಕದ ವಿದ್ವಾಂಸೆ ಅದನ್ನು ಒಪ್ಪಲಿಲ್ಲ. ಅವರು ಪಿಎಚ್‌ಡಿ ಮಾಡಿದ್ದೇ ಲಾಸ್ ಏಂಜಲೀಸ್ ಪ್ರದೇಶದ ಅಂತರ್ಜಲದ ಮೇಲೆ. ಅಲ್ಲಿ ಎಲ್ಲರೂ ಎತ್ತಿ ಎತ್ತಿ ಸಮುದ್ರದ ಉಪ್ಪುನೀರು ನೆಲದೊಳಕ್ಕೆ ನುಗ್ಗತೊಡಗಿತ್ತು. ನೀರೆತ್ತುವವರು ಸಂಘ ಕಟ್ಟಿದರು, ಕೋರ್ಟಿಗೆ ಹೋದರು, ಯಾರು ಎಷ್ಟು ಎತ್ತುತ್ತಿದ್ದಾರೆ ಅಂತ ಅಳತೆ ಹಾಕಿದರು, ಎಲ್ಲರೂ ಕಮ್ಮಿ ಮಾಡಲು ಒಪ್ಪಿದರು. ಜಗತ್ತಿನ ಅನೇಕ ಕಡೆ ಜನ ಹೀಗೆ ಸಾಮೂಹಿಕ ಸಂಪತ್ತನ್ನು ಕಾಪಾಡಿಕೊಂಡಿದ್ದನ್ನು ತೋರಿಸಿದ ಆಸ್ಟ್ರೋಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಅಪ್ಪನಿಗೆ ಇದನ್ನು ಹೇಳಿದೆ. "ನಮ್ಮ ನೀರುಗಂಟಿ ಮಾಡ್ತಿದ್ದಿದ್ದು ಅದೇ ಅಲ್ವೇನಮ್ಮಾ?" ಅಂದರು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅಂತ ನೋಡಿಕೊಳ್ಳಲು ಊರು ನೇಮಿಸುತ್ತಿದ್ದ ಮನುಷ್ಯ ನೀರುಗಂಟಿ. ಆ ವ್ಯವಸ್ಥೆ ಸ್ವರ್ಗವೇನೂ ಆಗಿರಲಿಲ್ಲ. ಆ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳ ಪಾಲಿಗೆ ಬರುತ್ತಿತ್ತು, ನೀರು ಹೆಚ್ಚಾಗಿ ಮೇಲ್ಜಾತಿಯವರ ಗದ್ದೆಗೆ ಹೋಗುತ್ತಿತ್ತು. ಅದನ್ನು ಹಾಗೇ ವಾಪಸ್ ತರಬೇಕು ಅಂತ ಯಾರೂ ಹೇಳಬಾರದು. ಆದರೆ ಕೆರೆಯ ನೀರು ಕಣ್ಣಿಗೆ ಕಾಣುತ್ತಿತ್ತು, ಎಷ್ಟಿದೆ ಅಂತ ಎಲ್ಲರಿಗೂ ಗೊತ್ತಿತ್ತು, ಹಂಚಿಕೆಗೆ ನಿಯಮ ಇತ್ತು. ಬೋರ್‌ವೆಲ್ ಬಂದು ನೀರು ಕಣ್ಮರೆಯಾಯಿತು, ಜೊತೆಗೆ ನಿಯಮವೂ ಹೋಯಿತು.

ಹಾಗಾದ್ರೆ ನಾವೇನು ಕೇಳಬೇಕು?

2024ರ ಆ ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇರಲಿಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಟ್ಯಾಂಕರಿನವನು "ಬರಲ್ಲ" ಅಂದಾಗ ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ನಮಗೆ ಗೊತ್ತಾಗಲಿಲ್ಲ. ಮಾರುಕಟ್ಟೆ ಸೋತಾಗ ಸರ್ಕಾರ ಬೇಕು ಅನ್ನುವ ವಾದಕ್ಕೆ ಅರ್ಥ ಬರೋದು, ಸರ್ಕಾರ ಸೋತಾಗ ಕೊರಳಪಟ್ಟಿ ಹಿಡಿದು ಕೇಳಲು ಒಬ್ಬ ಮನುಷ್ಯ ಇದ್ದರೆ ಮಾತ್ರ.

ಮುಂದಿನ ಸಲ ವೋಟು ಕೇಳಲು ಬಂದವರಿಗೆ ನಾನು ಕೇಳುವ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ನಮ್ಮ ಏರಿಯಾದಲ್ಲಿ ವಾಣಿಜ್ಯ ಬೋರ್‌ವೆಲ್ ಎಷ್ಟಿವೆ, ದಿನಕ್ಕೆ ಎಷ್ಟು ಎತ್ತುತ್ತವೆ, ಆ ಲೆಕ್ಕ ಎಲ್ಲಿ ಸಿಗುತ್ತೆ? ಹೊಸ ಲೇಔಟಿಗೆ ಅನುಮತಿ ಕೊಡುವಾಗ ನೀರು ಎಲ್ಲಿಂದ ಅಂತ ಬರೆಸಿಕೊಳ್ಳುತ್ತೀರಾ? ನಮ್ಮ ಕೊಳಚೆ ಕೋಲಾರಕ್ಕೆ ಹೋಗುವ ಮೊದಲು ಎಷ್ಟು ಶುದ್ಧವಾಗುತ್ತೆ?

ಅಪ್ಪ ನಾಲ್ಕನೇ ಬೋರ್ ಕೊರೆಸುವ ಮಾತಾಡುತ್ತಿದ್ದರು. ಬೇಡ ಅಂದೆ. "ನಾನ್ ಬಿಟ್ರೆ ಪಕ್ಕದೋರು ಬಿಡ್ತಾರಾ?" ಅಂತ ಕೇಳಿದರು. ಅವರೊಬ್ಬರೇ ಬಿಟ್ಟರೆ ಸಾಲದು ಅಂತ ನನಗೂ ಗೊತ್ತು. ಆ ಪ್ರಶ್ನೆಗೆ ಟ್ಯಾಂಕರ್ ರೇಟು ಉತ್ತರ ಕೊಡಲ್ಲ. ಎಲ್ಲರೂ ಕೂತು ಮಾಡಿದ, ಎಲ್ಲರಿಗೂ ಅನ್ವಯಿಸುವ ಒಂದು ನಿಯಮ ಮಾತ್ರ ಕೊಡಬಲ್ಲದು.